ಬಲಗಿವಿಗೆ ಕೇಳಿದ ಟಿಕ್‌ಟಿಕ್

ದೆವ್ವ, ಜಿನ್ನು, ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ನಾನು ಪಾನಾ ಎತ್ತಿಕೊಂಡು ಲಾರಿಯ ಕೆಳಗೆ ಜಾರಿಕೊಳ್ಳುವವನು. ಶಿರಸಿಯಲ್ಲಿ ಮೂವತ್ತು ವರ್ಷದಿಂದ ಲಾರಿ ರಿಪೇರಿ ಮಾಡುತ್ತಿದ್ದೇನೆ. ಸದ್ದು ಇದ್ದರೆ ಅದಕ್ಕೊಂದು ಕಾರಣ ಇರುತ್ತದೆ, ಇಷ್ಟೇ ನನ್ನ ವೇದಾಂತ. ಆದರೆ ಐದು ವರ್ಷದ ಹಿಂದಿನ ಒಂದು ಮಧ್ಯಾಹ್ನಕ್ಕೆ ಮಾತ್ರ ನನ್ನ ಬಳಿ ಉತ್ತರವಿಲ್ಲ. ಕೇಳಿದವರೆಲ್ಲ ನಕ್ಕಿದ್ದಾರೆ. ನೀವೂ ನಕ್ಕರೆ ಬೇಜಾರಿಲ್ಲ.

ಮೊದಲು ನನ್ನ ಬಲಗಿವಿಯ ವಿಷಯ ಹೇಳಬೇಕು. ಅದು ಪೂರ್ತಿ ಕಿವುಡು. ಸೈಲೆನ್ಸರ್ ಬಿಚ್ಚಿದ ಇಂಜಿನ್‌ಗಳ ಪಕ್ಕ ಕೂತು ಕೂತೇ ಹೋಯಿತೋ ಏನೋ, ನರವೇ ಸತ್ತಿದೆ ಎಂದು ಡಾಕ್ಟರು ಹೇಳಿದ್ದರು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಒಳಗಿನ ಸದ್ದು ಹಿಡಿಯುವುದು ನಮ್ಮ ಕ್ರಮ. ಮೊದಲೆಲ್ಲ ಬಲಗಿವಿಗೇ ಇಡುತ್ತಿದ್ದೆ. ಅದು ಹೋದ ಮೇಲೆ ಕಷ್ಟಪಟ್ಟು ಎಡಕ್ಕೆ ರೂಢಿ ಮಾಡಿಕೊಂಡೆ. ಗಿರಾಕಿಗಳಿಗೆ ಹೇಳಲಿಲ್ಲ. ಕಿವಿ ಕೇಳದ ಮೇಸ್ತ್ರಿಯ ಹತ್ತಿರ ಯಾರು ಗಾಡಿ ಬಿಡುತ್ತಾರೆ?

ಆ ದಿನ ಮನ್ಮನೆಯ ನಾರಾಯಣ ತನ್ನ ಹಳೆ ಲಾರಿ ತಂದ. ಹಿಂದೆ ಭತ್ತದ ಮೂಟೆ, ಪಕ್ಕದಲ್ಲಿ ಕುಮಟೆಯ ತವರಿಗೆ ಹೊರಟ ಹೆಂಡತಿ. ಇಂಜಿನ್ ಟಿಕ್‌ಟಿಕ್ ಎನ್ನುತ್ತಿತ್ತು. ಯಲ್ಲಾಪುರದ ಯಾರದೋ ಟಿಪ್ಪರಿನ ಗೇರ್‌ಬಾಕ್ಸ್ ಎರಡು ದಿನ ಇಳಿಸಿ ಏರಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. ಆದರೂ ಮುಚ್ಚಳ ತೆಗೆದು ನೋಡಿದೆ. ವಾಲ್ವ್ ಒತ್ತುವ ಎರಡು ಟ್ಯಾಪೆಟ್ ಸಡಿಲವಾಗಿದ್ದವು. ಸರಿ ಮಾಡಿದೆ, ಸದ್ದು ನಿಂತಿತು. ಎಡಗಿವಿಗೆ ಇಟ್ಟು ನೋಡಿದರೆ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. "ಆತು ನಾರಾಯಣ, ಹೊರಡು" ಅಂದೆ.

ಅವನು ಹಗ್ಗ ಬಿಗಿಯಲು ಹಿಂದೆ ಹೋದ. ಇಂಜಿನ್ ಇನ್ನೂ ಚಾಲೂ ಇತ್ತು. ಸುಮ್ಮನೆ ಇನ್ನೊಂದು ಸಲ ಎಂದು ಸ್ಕ್ರೂಡ್ರೈವರ್ ಒತ್ತಿದೆ. ದಣಿದ ಕೈಗೆ ಹಳೆಯ ರೂಢಿಯೇ ನೆನಪಾಯಿತೋ ಏನೋ, ಹಿಡಿ ಬಲಗಿವಿಗೆ ಹೋಯಿತು.

ಟಿಕ್. ಟಿಕ್. ಟಿಕ್. ಇಂಜಿನ್ನಿನ ಬುಡದಿಂದ, ಸ್ಪಷ್ಟವಾಗಿ. ಇದು ಕೇಳದ ಕಿವಿ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದೊಡನೆ ಹಿಡಿ ತೆಗೆದೆ. ಎಡಕ್ಕೆ ಇಟ್ಟೆ, ಏನೂ ಇಲ್ಲ. ಬಲಕ್ಕೆ ಇಟ್ಟೆ, ಟಿಕ್, ಟಿಕ್. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ನಾಲ್ಕು ಸಲ ಪ್ರಮಾಣಿಸಿ ನೋಡಿದೆ.

ಹೋಗಬೇಡ ಎಂದಾಗ ನಾರಾಯಣ ರೇಗಿದ. "ಎಂತ ಮಾರಾಯ್ರೇ, ಈಗ ತಾನೇ ಆತು ಅಂದ್ರಿ! ಸದ್ದು ಎಲ್ಲುಂಟು, ನಂಗೇನೂ ಕೇಳೂದಿಲ್ಲ." ನಾನೇನು ಹೇಳಲಿ? ಕಿವುಡು ಕಿವಿಗೆ ಕೇಳಿತು ಎನ್ನಲೇ? ಅಂದರೆ ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡಂತೆ. ಆದರೆ ತುಂಬಿದ ಲಾರಿ ಕುಮಟೆ ದಾರಿಯ ದೇವಿಮನೆ ಘಾಟಿ ಇಳಿಯುವಾಗ ಇಂಜಿನ್ ಕೈಕೊಟ್ಟರೆ ಬ್ರೇಕಿನ ಗಾಳಿಯೂ ತುಂಬುವುದಿಲ್ಲ. ಕ್ಯಾಬಿನ್ನಿನಲ್ಲಿ ಆ ಹೆಂಗಸು ಬಾಳೆಹಣ್ಣು ಸುಲಿಯುತ್ತ ಕೂತಿದ್ದಳು. ಹೇಳಿಬಿಟ್ಟೆ. ಅವನು ನನ್ನನ್ನೇ ದಿಟ್ಟಿಸಿ ನೋಡಿದ. "ಇಳಿ ಕೆಳಗೆ" ಎಂದು ಹೆಂಡತಿಗೆ ಹೇಳಿ, ಇಂಜಿನ್ ಬಂದ್ ಮಾಡಿದ.

ಇಂಜಿನ್ನಿನ ಬುಡದ ಎಣ್ಣೆ ಚೇಂಬರ್ ಇಳಿಸಿದೆವು. ಮೂರನೇ ಪಿಸ್ಟನ್ನಿನ ರಾಡು ಹಿಡಿದಿದ್ದ ಬೋಲ್ಟು ಮುಕ್ಕಾಲು ಪಾಲು ಸೀಳಿತ್ತು. ಪಾನಾ ಹಾಕಿ ತಿರುಗಿಸಿದೊಡನೆ ತುಂಡಾಗಿ ಕೈಗೆ ಬಂತು. ನಾರಾಯಣ ಅದನ್ನು ಒರೆಸಿ ಅಂಗಿಯ ಜೇಬಿಗೆ ಹಾಕಿಕೊಂಡ.

ಡಾಕ್ಟರಿಗೆ ಹೇಳಿದೆ. ಅವರು ಮತ್ತೆ ಪರೀಕ್ಷೆ ಮಾಡಿ, ಬಲಗಿವಿಯಲ್ಲಿ ಏನೂ ಉಳಿದಿಲ್ಲ, ಎಡಗಿವಿಗೆ ಕೇಳಿದ್ದು ನಿಮಗೆ ಬಲ ಅನ್ನಿಸಿರಬೇಕು ಎಂದರು. ಇರಬಹುದು. ಹಾಗಾದರೆ ಎಡಗಿವಿಗೆ ಇಟ್ಟಾಗ ಯಾಕೆ ಕೇಳಲಿಲ್ಲ? ಅದಕ್ಕೆ ಅವರು ನಕ್ಕರು. ಆಮೇಲೆ ಎಷ್ಟೋ ಇಂಜಿನ್‌ಗಳ ಮೇಲೆ, ಯಾರೂ ಇಲ್ಲದಾಗ, ಬಲಗಿವಿ ಇಟ್ಟು ನೋಡಿದ್ದೇನೆ. ಮತ್ತೆಂದೂ ಕೇಳಲಿಲ್ಲ.

ಮೊನ್ನೆ ಮೊಮ್ಮಗಳು ಬಲಗಡೆಯಿಂದ ಓಡಿ ಬಂದು, ಕುತ್ತಿಗೆ ತಬ್ಬಿ, ಆ ಕಿವಿಯಲ್ಲಿ ಏನೋ ಗುಟ್ಟು ಹೇಳಿದಳು. ಅವಳ ಬಿಸಿ ಉಸಿರು ಮಾತ್ರ ತಾಗಿತು. ಸೀಳಿದ ಬೋಲ್ಟಿನ ಸದ್ದು ಕೇಳಿಸಿಕೊಂಡ ಕಿವಿ ಇದಕ್ಕಾದರೂ ತೆರೆಯಬಾರದೇ ಎಂದು ಉಸಿರು ಬಿಗಿಹಿಡಿದು ಕಾದೆ. ಇಲ್ಲ. "ಕೇಳ್ತಾ ಅಜ್ಜಾ?" ಎಂದು ಎದುರಿಗೆ ಬಂದು ಕೇಳಿದಳು. ಕೇಳಿತು ಅಂದೆ.