ರಿಪೋರ್ಟ್ ಬರುವ ತನಕ ನಾನು ಅತ್ತೆಯಲ್ಲ

ಹೋದ ಭಾನುವಾರ ಸುಮಾರು ಅರ್ಧ ಗಂಟೆ ನಾನು ಯಾರಿಗೂ ಸೋದರತ್ತೆ ಆಗಿರಲಿಲ್ಲ. ಮೈಮೇಲೆ ಇಳಕಲ್ ಸೀರೆ, ಚೀಲದಲ್ಲಿ ಕರದಂಟು, ಕೈಯಲ್ಲಿ ಕೂಸಿನ ತಲೆಗೆ ತೊಡಿಸಲು ಹೊಲಿಸಿದ ಕುಂಚಿಗಿ. ಎಲ್ಲ ಇತ್ತು, ಪದವಿ ಒಂದೇ ಇರಲಿಲ್ಲ.

ಕಿತ್ತುಕೊಂಡಿದ್ದು ಯಾರು? ನನ್ನ ಸ್ವಂತ ತಮ್ಮನ ಹೆಬ್ಬೆರಳು.

ತಮ್ಮ ಮಲ್ಲು ಗೋಕಾಕದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಗಿರಾಕಿ ಇಲ್ಲದಾಗ ಬಂದದ್ದನ್ನೆಲ್ಲ ಫಾರ್ವರ್ಡ್ ಮಾಡುವುದೇ ಕೆಲಸ. ಆ ಭಾನುವಾರದ ಹಿಂದಿನ ವಾರ ಅವನಿಗೊಂದು ಮೆಸೇಜ್ ಬಂತು: ಹುಟ್ಟಿದ ಪ್ರತಿ ಮಗುವಿಗೂ ಸರ್ಕಾರವೇ ಪುಕ್ಕಟೆ ಡಿಎನ್ಎ ಟೆಸ್ಟ್ ಮಾಡಿಸಬೇಕು, ಅದು ಅಪ್ಪಂದಿರ ಹಕ್ಕು. ಮಲ್ಲು ಕೆಳಗೆ 'ನೂರಕ್ಕ ನೂರು ಖರೆ' ಅಂತ ಬರೆದು ಗೆಳೆಯರಿಗೆ ಕಳಿಸಿದ. ಅಂದರೆ, ಗೆಳೆಯರಿಗೆ ಅಂದುಕೊಂಡು ಕಳಿಸಿದ. ಹೋಗಿದ್ದು ತನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮಕ್ಕೆಂದು ಹೆಂಡತಿಯ ತವರಿನವರು ಮಾಡಿದ್ದ ಗ್ರೂಪಿಗೆ. (ಅಡಿಗೆಯವನೂ ಅದರಲ್ಲಿದ್ದ.)

ಗಾಬರಿಯಾಗಿ ಡಿಲೀಟ್ ಮಾಡಿದನಂತೆ. ಆದರೆ ನಮ್ಮ ಜನ ಡಿಲೀಟ್ ಆದ ಮೆಸೇಜನ್ನೇ ಹುಡುಕಿ ಓದುವವರು, ಗೊತ್ತಲ್ಲ?

ಇದ್ಯಾವುದೂ ತಿಳಿಯದೆ ನಾನು ಅವನ ಜೊತೆ ಹುಕ್ಕೇರಿ ತಾಲೂಕಿನ ದಡ್ಡಿಗೆ, ಬೀಗರ ಮನೆಗೆ ಹೋದೆ. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆ. ಅವಳು ಬಾಗಿ 'ಕುರ್ರ್' ಅನ್ನುತ್ತಿದ್ದಂತೆ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ನಾನೂ ಬೆನ್ನು ಗಟ್ಟಿ ಮಾಡಿಕೊಂಡು ಬಾಗಿದೆ. ತಮ್ಮನ ಹೆಂಡತಿ ಸವಿತಾ ಕೈ ಅಡ್ಡ ಹಿಡಿದಳು.

"ತಡೀರಿ ಅಕ್ಕಾರ. ಇವರು ಅಪ್ಪ ಹೌದೋ ಅಲ್ಲೋ ಅಂತ ಇನ್ನೂ ರಿಪೋರ್ಟ್ ಬರಬೇಕಲ್ರಿ. ಅಲ್ಲೀತನಕಾ ನೀವು ಅತ್ತಿ ಹೆಂಗ ಆಗ್ತೀರಿ?"

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಸವಿತಾಳ ತಾಯಿ ನನ್ನ ಕೈಯಿಂದ ಕುಂಚಿಗಿ ಮೆಲ್ಲಗೆ ಇಸಿದುಕೊಂಡು ಗೋಡೆಯ ಗೂಡಿನಲ್ಲಿಟ್ಟರು. "ರಿಪೋರ್ಟ್ ಬಂದ ಮ್ಯಾಲೆ ತೊಡಸೂಣಂತ ತಗೋರಿ."

"ಏ ಸವಿತಾ, ನಾ ನಿನಗ ಅಂದಿದ್ದಲ್ಲ," ಅಂದ ಮಲ್ಲು. "ದೇಶಕ್ಕ ಅಂದಿದ್ದು."

"ಕೂಸು ದೇಶಕ್ಕ ಹುಟ್ಟಿಲ್ಲ, ನನಗ ಹುಟ್ಟೈತಿ. ಸಂಶಯ ಇದ್ರ ನನ್ನ ಮುಖಾ ನೋಡಿ ಕೇಳ್ರಿ. ಊರಾಗಿನ ಹಡದವರನ್ನೆಲ್ಲಾ ಸಾಲಾಗಿ ನಿಂದ್ರಸ್ತೀರೇನು?" ಅವಳು ತೊಟ್ಟಿಲನ್ನು ತನ್ನ ಕಡೆ ಎಳೆದುಕೊಂಡಳು. "ನಾ ಗೋಕಾಕಕ್ಕ ಬರೂದಿಲ್ಲ. ರಿಪೋರ್ಟ್ ತಗೊಂಡು ಕರಿಯಾಕ ಬರ್ರಿ."

ಅಲ್ಲಿಯವರೆಗೆ ತಮಾಷೆಯಾಗಿದ್ದದ್ದು ಅಲ್ಲಿಗೆ ತಮಾಷೆಯಾಗಿ ಉಳಿಯಲಿಲ್ಲ.

ನೋಡಿ, ಸಂಶಯದಲ್ಲಿ ಬೆಂದು ಕೋರ್ಟು ಅಲೆಯುವ ಗಂಡಸರು ಇದ್ದಾರೆ. ಅಂಥವನಿಗೆ ಟೆಸ್ಟ್ ಆಗಲಿ, ಬಡವನಾದರೆ ಖರ್ಚು ಸರ್ಕಾರವೇ ಕೊಡಲಿ, ನನ್ನ ತಕರಾರಿಲ್ಲ. ಆದರೆ ಸಂಶಯವೇ ಇಲ್ಲದವನಿಗೂ ಹಕ್ಕಿನ ಹೆಸರಲ್ಲಿ ಒಂದಿಷ್ಟು ಸಂಶಯ ಹಂಚುವುದು ಯಾವ ಯೋಜನೆ? ಅದೂ ನಮ್ಮ ತೆರಿಗೆಯಲ್ಲಿ? ಪುಕ್ಕಟೆ ಲ್ಯಾಬ್ ಬೇಕಿದ್ದರೆ ಬಾಣಂತಿ ಕೋಣೆ ಇದೆಯಲ್ಲ. 'ಮೂಗು ನಮ್ಮದು, ಕಿವಿ ನಿಮ್ಮದು' ಅಂತ ಅಲ್ಲಿ ಕೂತಲ್ಲೇ ಹಂಚಿ ಮುಗಿಸುತ್ತಾರೆ. (ಅವತ್ತು ಮಾತ್ರ ಮಲ್ಲುವಿನ ಪಾಲಿಗೆ ಕಿರುಬೆರಳಿನ ಉಗುರನ್ನೂ ಬಿಡಲಿಲ್ಲ.)

ಮಲ್ಲು ಎಲ್ಲರ ಎದುರೇ ಅಂದ, "ನಂದ ತಪ್ಪಾತು. ನನಗ ಯಾವ ರಿಪೋರ್ಟೂ ಬ್ಯಾಡ. ಇಕಿ ನನ್ನ ಮಗಳು. ಏನ್ ಶಿಕ್ಷಾ ಕೊಡ್ತಿ ಕೊಡು."

ಸವಿತಾ ಕಣ್ಣು ಒರೆಸಿಕೊಂಡು, ಗೂಡಿನಲ್ಲಿದ್ದ ಕುಂಚಿಗಿ ತಂದು ನನ್ನ ಕೈಗೇ ಕೊಟ್ಟಳು. "ಅಕ್ಕಾರು ಹೆಸರು ಇಡ್ಲಿ. ಗುದ್ದು ಮಾತ್ರ ಇವರಿಗೆ."

ತೊಟ್ಟಿಲಿನ ಒಂದು ಕಡೆ ನಾನು ಬಾಗಿದೆ, ಇನ್ನೊಂದು ಕಡೆ ಮಲ್ಲು. ನಾನು 'ಕುರ್ರ್' ಅಂದೆ. ಆಮೇಲೆ ನಡೆದದ್ದನ್ನು ಪದ್ಧತಿ ಅನ್ನುವಂತಿಲ್ಲ. ಮಲ್ಲುವಿನ ಅತ್ತೆ, ದೊಡ್ಡತ್ತೆ, ನಾದಿನಿಯರು, ಬಾಜೂ ಮನೆಯವರು ಎಲ್ಲ ಸೇರಿ ದೇಶದ ಸಮಸ್ತ ಬಾಣಂತಿಯರ ಪರವಾಗಿ ಗುದ್ದಿದರು. ಅಡಿಗೆಯವನೂ ಸೌಟು ಕೆಳಗಿಟ್ಟು ಬಂದು ಒಂದು ಹಾಕಿ ಹೋದ (ಗ್ರೂಪ್ ಮೆಂಬರ್ ಅಲ್ಲವೇ). ಸವಿತಾ ನಕ್ಕು ನಕ್ಕು ಗೋಡೆಗೆ ಒರಗಿದಳು. ನಾನಂತೂ ಹೆಸರನ್ನು ಎರಡನೇ ಸಲ ಹೇಳಬೇಕಾಯಿತು.

ಒಂದನ್ನು ಮಾತ್ರ ನಾನು ಹತ್ತಿರದಿಂದ ನೋಡಿದೆ. ಅಷ್ಟು ಏಟು ಬೀಳುವಾಗಲೂ ಮಲಗಿದ ಕೂಸು ಅಲುಗಿ ಎದ್ದೀತು ಅಂತ ನನ್ನ ತಮ್ಮ ಎರಡೂ ಕೈಯಲ್ಲಿ ತೊಟ್ಟಿಲನ್ನು ಗಟ್ಟಿ ಹಿಡಿದು ನಿಂತಿದ್ದ.

ಇದಕ್ಕಿಂತ ಇನ್ಯಾವ ರಿಪೋರ್ಟ್ ಬೇಕ್ರಿ?