ಮಂತ್ರಿ ಪದವಿ ಹೋದ ಮಧ್ಯಾಹ್ನ

ಹಳೇಬೀಡಿಗೆ ಆಫ್ರಿಕಾದ ಒಂದು ದೇಶದ ವಿದೇಶಾಂಗ ಮಂತ್ರಿ ಬಂದಿದ್ದರು. ಅರಸೀಕೆರೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದ ನನ್ನನ್ನು ದೇವಸ್ಥಾನ ತೋರಿಸಲು ಕರೆಸಿದ್ದರು. ಆಕೆ ವಕೀಲಿಕೆ ಮಾಡಿ, ರಾಯಭಾರಿಯಾಗಿ, ಆಮೇಲೆ ಮಂತ್ರಿಯಾದವರು. ಹೊರಗೋಡೆಯ ಆನೆಗಳ ಸಾಲಿನ ಮುಂದೆ ನಿಂತಿದ್ದಾಗ ಅವರ ಕಾರ್ಯದರ್ಶಿ ಮೊಬೈಲ್ ತೋರಿಸಿದ. ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

“ಇದರ ಮೇಲಿನ ಸಾಲು ಸಿಂಹಗಳು, ಅಲ್ಲವೇ?” ಎಂದು ನನ್ನನ್ನು ಕೇಳಿದರು. ಹೌದೆಂದೆ. ಅವರ ದೇಶದ ಅಧ್ಯಕ್ಷರು ಅವರನ್ನು ಸಂಪುಟದಿಂದ ಕೈಬಿಟ್ಟಿದ್ದರು.

ನಾವು ಹೊರಗೆ ಬರುವಷ್ಟರಲ್ಲಿ ಬೆಂಗಾವಲಿನ ಜೀಪು ಹಿಂದಕ್ಕೆ ತಿರುಗುತ್ತಿತ್ತು.

“ಏನ್ಲಾ, ಬೇಲೂರ್ ಗಂಟ ಬರಲ್ವಾ?” ಎಂದು ನಮ್ಮ ಕಾರಿನ ಡ್ರೈವರ್ ಕೇಳಿದ.

“ಇವ್ರು ಈಗ ಮಂತ್ರಿ ಅಲ್ವಂತೆ, ಜೀಪ್ ಬ್ಯಾಡ ಅಂತ ಫೋನ್ ಬಂದೈತೆ ಕಣ್ಲಾ,” ಎಂದ ಪೇದೆ.

“ಅಲ್ಲಿ ಮಂತ್ರಿಗಿರಿ ಹೋದ್ರೆ ಇಲ್ಲಿ ರಸ್ತೆನೂ ಹೋಯ್ತಾ?”

ಜೊತೆಗಿದ್ದ ಅಧಿಕಾರಿ ಕೈಮುಗಿದು, ಬೇಲೂರಿನ ಕಾರ್ಯಕ್ರಮ ಇಲ್ಲ, ನೇರ ಬೆಂಗಳೂರಿಗೆ ಹೋಗಬಹುದು ಎಂದರು. ಆಕೆ ಕೇಳಿದ್ದು ಒಂದೇ: ಅಲ್ಲಿ ಸ್ವಾಗತಕ್ಕೆ ಬಾವುಟ ಹಿಡಿದು ನಿಲ್ಲಬೇಕಿದ್ದ ಶಾಲೆಯ ಮಕ್ಕಳು ಈಗಾಗಲೇ ನಿಂತಿದ್ದರೆ? ಆಕೆ ಕಾರು ಹತ್ತಿ, ಬೇಲೂರಿಗೇ ಹೋಗೋಣ ಎಂದರು.

ದಾರಿಯಲ್ಲಿ ಕಾರಣ ಹೇಳಿದರು. ಚಿಕ್ಕವರಿದ್ದಾಗ ತಮ್ಮೂರಿನ ರಸ್ತೆಯಲ್ಲಿ ಒಬ್ಬ ಮಂತ್ರಿಗಾಗಿ ಬಿಸಿಲಲ್ಲಿ ಕಾದಿದ್ದರಂತೆ. ಕಾರು ನಿಧಾನವೂ ಆಗದೆ ಹೋಯಿತಂತೆ. ರಾಯಭಾರಿಯಾದಂದಿನಿಂದ ಮಕ್ಕಳು ನಿಂತಿದ್ದ ಕಡೆಯೆಲ್ಲ ಅವರು ಇಳಿದಿದ್ದಾರೆ. ಎಷ್ಟೋ ಸಭೆಗಳಿಗೆ ಅದರಿಂದ ತಡವಾಗಿದೆ. “ನನ್ನ ಕೈಲಿ ಒಮ್ಮೆಯೂ ತಪ್ಪದೆ ನಡೆದದ್ದು ಅದೊಂದೇ,” ಎಂದರು.

ಬೇಲೂರಿನ ಶಾಲೆಯ ಮುಂದೆ ಯಾರೂ ಇರಲಿಲ್ಲ. ಜೀಪಿನವರಿಗೆ ಬಂದ ಫೋನು ಶಾಲೆಗೂ ಬಂದಿತ್ತು. ಮುಖ್ಯೋಪಾಧ್ಯಾಯಿನಿ ಗೇಟಿಗೆ ಬೀಗ ಹಾಕುತ್ತಿದ್ದರು. ಆಕೆ ಕಾರಿನಿಂದ ಇಳಿದರು. ಮಾತು ದಾಟಿಸಲು ನಾನೂ ಇಳಿದೆ.

“ಮಕ್ಕಳಿಗೆ ಏನು ಹೇಳಿ ಕಳಿಸಿದಿರಿ?” ಆಕೆಯ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಕೇಳಿದೆ.

“ಮಂತ್ರಿಗಳು ಬರೋದಿಲ್ಲ ಅಂದೆ ಸಾರ್. ಬೆಳಿಗ್ಗೆಯಿಂದ ನಿಂತಿದ್ವು, ಪಾಪ.” ಎದುರಿಗಿರುವವರು ಯಾರೆಂದು ಆಗ ಹೊಳೆದು ಮುಖ್ಯೋಪಾಧ್ಯಾಯಿನಿಯ ಮುಖ ಸಣ್ಣದಾಯಿತು. “ನಾಳೆ ಪ್ರಾರ್ಥನೆ ಹೊತ್ತಿಗೆ ಬರೋಕೆ ಹೇಳಿ ಸಾರ್, ಎಲ್ಲರೂ ಇರ್ತಾರೆ.”

ನಾನು ಹೇಳಿದೆ. ಆಕೆ ಕಾರ್ಯದರ್ಶಿಯ ಕಡೆ ನೋಡಿದರು. ಇಂದು ರಾತ್ರಿಯ ವಿಮಾನದಲ್ಲೇ ವಾಪಸು ಬರಬೇಕೆಂದು ಅವರ ಸರ್ಕಾರ ತಿಳಿಸಿದೆ ಎಂದು ಅವನು ಮೆಲ್ಲಗೆ ಹೇಳಿದ. ಆಕೆ ತಲೆಯಾಡಿಸಿದರು. ಬೀಗ ಹಾಕಿದ ಗೇಟಿನಾಚೆಯ ಅಂಗಳವನ್ನು ಸ್ವಲ್ಪ ಹೊತ್ತು ನೋಡಿ ಕಾರಿಗೆ ಹಿಂತಿರುಗಿದರು.