ಒಂದು ಸೀಟಿಗಾಗಿ ನಾಲ್ಕು ತಾಲ್ಲೂಕು

ಸೋಮವಾರ ಬೆಳಗ್ಗೆ ನಮ್ಮೂರು ಇಂಡಿ ಬಸ್ ನಿಲ್ದಾಣದಲ್ಲಿ ಸಿಂದಗಿ ಬಸ್ಸು ಹತ್ತುವಾಗ ನನ್ನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ತಂಗಿಯ ಮಗಳು ರೇಣುಳ ಕಾಗದಪತ್ರ, ಇನ್ನೊಂದರಲ್ಲಿ ನಿಂಬೆಹಣ್ಣು. ಇಂಡಿಯವರು ಯಾವುದಾದರೂ ಕಚೇರಿ ಕೆಲಸಕ್ಕೆ ಹೊರಟರೆ ನಿಂಬೆಹಣ್ಣು ಹಿಡಿಯದೆ ಹೊರಡುವುದಿಲ್ಲ. ನಾನಂತೂ ನಿಂಬೆ ವ್ಯಾಪಾರದವನೇ. ಇದನ್ನು ಲಂಚ ಎಂದು ಯಾರೂ ತಿಳಿಯುವುದಿಲ್ಲ, ಇದರಿಂದ ಕೆಲಸ ಬೇಗ ಆಗುವುದೂ ಇಲ್ಲ. ಆದರೆ ಕೊಡುವವನಿಗೆ ಒಂದು ಧೈರ್ಯ ಬರುತ್ತದೆ.

ರೇಣು ಎರಡನೆಯ ಸಲ ನೀಟ್ ಪರೀಕ್ಷೆ ಬರೆದಿದ್ದಳು. ಹೋದ ವರ್ಷ ಮೆಡಿಕಲ್ ಸೀಟು ಸ್ವಲ್ಪದರಲ್ಲಿ ತಪ್ಪಿತ್ತು. ಈ ಸಲದ ಅಂಕಗಳಿಗೆ ಸರಕಾರಿ ಸೀಟು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಖಾಸಗಿ ಕಾಲೇಜಿನ ಮಾತನ್ನು ನಮ್ಮ ಮನೆಯಲ್ಲಿ ಎತ್ತುವಂತೆಯೇ ಇಲ್ಲ. ನಮಗಿದ್ದ ಆಸರೆ ಎರಡು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲೇ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ. ಕನ್ನಡದಲ್ಲೇ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಗ್ರಾಮೀಣದಲ್ಲಿ ಸೀಟು ಹೆಚ್ಚು, ಕನ್ನಡದಲ್ಲಿ ಬೆರಳೆಣಿಕೆಯಷ್ಟು. ಎರಡಕ್ಕೂ ಓದಿದ ಪ್ರತಿಯೊಂದು ಶಾಲೆಯ ಮುಖ್ಯಗುರುಗಳು ಬರೆದುಕೊಡಬೇಕು, ಅದರ ಮೇಲೆ ಆಯಾ ತಾಲ್ಲೂಕಿನ ಶಿಕ್ಷಣಾಧಿಕಾರಿಯ ಸಹಿ, ಶಿಕ್ಕಾ ಬೀಳಬೇಕು. ಶುಕ್ರವಾರ ಕಾಗದ ತಪಾಸಣೆಗೆ ಹಾಜರಾಗುವ ದಿನ.

ಬೇರೆಯವರ ಮಕ್ಕಳಿಗೆ ಇದು ಅರ್ಧ ದಿನದ ಕೆಲಸ. ನಮ್ಮ ರೇಣುಳದು ಹಾಗಲ್ಲ. ಅವಳ ತಾಯಿ, ಅಂದರೆ ನನ್ನ ತಂಗಿ ಶಾಂತಾ, ಹಳ್ಳಿಯ ಆರೋಗ್ಯ ಉಪಕೇಂದ್ರದ ನರ್ಸು. ವರ್ಗ ಆದಲ್ಲೆಲ್ಲ ಮಗಳನ್ನು ಕಟ್ಟಿಕೊಂಡು ಹೋದವಳು. ಹಾಗಾಗಿ ರೇಣು ಮೂರನೆಯವರೆಗೆ ಇಂಡಿ ತಾಲ್ಲೂಕಿನಲ್ಲಿ, ನಾಲ್ಕು ಮತ್ತು ಐದು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ, ಆರು ಮತ್ತು ಏಳು ಸಿಂದಗಿ ತಾಲ್ಲೂಕಿನಲ್ಲಿ, ಹೈಸ್ಕೂಲು ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಓದಿದಳು. ಶಾಂತಾಳಿಗೆ ಚುಚ್ಚುಮದ್ದಿನ ವಾರ, ರಜೆ ಸಿಗಲಿಲ್ಲ. ರೇಣುಳ ಅಪ್ಪ ನಮ್ಮದೇ ನಿಂಬೆ ಲಾರಿ ಹೊಡೆದುಕೊಂಡು ಗುಜರಾತಿಗೆ ಹೋಗಿದ್ದ. ಕೊನೆಗೆ ಉಳಿದವನು ಸೋದರಮಾವನಾದ ನಾನು. ಇಂಡಿಯ ಕಾಗದ ಶನಿವಾರವೇ ಕೈಸೇರಿತ್ತು. ಇನ್ನು ಮೂರು ತಾಲ್ಲೂಕು.

ಕಂಡಕ್ಟರ್ ರೇಣುಳಿಗೆ ಶೂನ್ಯ ಟಿಕೆಟ್ ಹರಿದುಕೊಟ್ಟು ನನ್ನ ಕಡೆ ಕೈಚಾಚಿದ. "ಹೆಣ್ಮಕ್ಕಳ ಜೋಡಿ ಬಂದವ್ರಿಗೂ ಬಿಡಬೇಕ್ರಿ" ಎಂದೆ. "ಬಿಡ್ತೇವ್ರಿ, ಸೀರಿ ಉಟ್ಕೊಂಡ ಬರ್ರಿ ನಾಳಿ" ಎಂದ. ಮುಂದಿನ ಸೀಟಿನ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ರೇಣು ಮಾತ್ರ ನಗಲಿಲ್ಲ. ಕಿಟಕಿಗೆ ತಲೆ ಆನಿಸಿ ಕುಳಿತಿದ್ದಳು. ಆಷಾಢದ ಗಾಳಿ ಬಸ್ಸಿನೊಳಗೆಲ್ಲ ಧೂಳು ತುಂಬುತ್ತಿತ್ತು. ಹೊರಗೆ ತೊಗರಿ ಆಗತಾನೆ ಮೊಳಕೆಯೊಡೆದು ಎರೆಹೊಲಗಳಿಗೆ ಹಸಿರು ಗೆರೆ ಎಳೆದಂತಿತ್ತು.

ಸಿಂದಗಿಯಲ್ಲಿ ಇಳಿದು ಟಂಟಂ ಆಟೊ ಹಿಡಿದು ರೇಣು ಓದಿದ ಹಳ್ಳಿಗೆ ಹೋದೆವು. ಶಾಲೆಯ ಗೇಟು ದಾಟುವಷ್ಟರಲ್ಲಿ ಸುದ್ದಿ ಹಬ್ಬಿತ್ತು, ನರ್ಸಬಾಯಿ ಮಗಳು ಬಂದಾಳ ಅಂತ. ಮುಖ್ಯಗುರುಗಳು ಬರೆಯುತ್ತಿರುವಾಗಲೇ ಅಂಗಳದಲ್ಲಿ ಏಳೆಂಟು ಹೆಂಗಸರು ನೆರೆದರು. ಒಬ್ಬಳು ಅವಳಿ ಹೆಣ್ಣುಮಕ್ಕಳನ್ನು ಎಳೆದು ತಂದು ರೇಣುಳ ಮುಂದೆ ನಿಲ್ಲಿಸಿದಳು. "ನಿಮ್ಮವ್ವನ ಕೈಯಾಗ ಹುಟ್ಟ್ಯಾವ ಇವು. ಅಕ್ಕನ ಕಾಲ ಮುಟ್ರೆ. ಇನ್ನ ಮ್ಯಾಲ ಡಾಕ್ಟರಬಾಯಿ ಆಕ್ಕಾಳ ಆಕಿ" ಎಂದಳು.

"ಇನ್ನೂ ಸೀಟ ಸಿಕ್ಕಿಲ್ರೀ" ಎಂದು ರೇಣು ಹಿಂದೆ ಸರಿದಳು.

"ಸಿಗದ ಎಲ್ಲಿ ಹೋಗತೈತಿ? ನಮ್ಮೂರಾಗ ಕಲ್ತಾಕಿ ನೀ" ಎಂದು ಆಕೆ ರೇಣುಳ ಗಲ್ಲ ಹಿಡಿದು ಲಟಿಕೆ ಮುರಿದಳು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಂತು. ನನ್ನ ಹೊಟ್ಟೆ ತುಂಬಿತು, ಎದೆಯೂ ಉಬ್ಬಿತು. ರೇಣು ಒಂದು ರೊಟ್ಟಿಯನ್ನು ಅರ್ಧ ಮುರಿದು ಹಾಗೇ ಬಿಟ್ಟಳು. ಸಿಂದಗಿಯ ಶಿಕ್ಷಣಾಧಿಕಾರಿಗಳು ಊಟಕ್ಕೆ ಹೋಗುವ ಮೊದಲೇ ಸಿಕ್ಕು ಸಹಿ ಮಾಡಿದರು. ನಿಂಬೆಹಣ್ಣಿನ ಮಹಿಮೆ ಎಂದು ನಾನು ಹೇಳಿದೆ. ರೇಣು ಕಾಗದವನ್ನು ಚೀಲಕ್ಕೆ ಸೇರಿಸಿ ಮುಂದೆ ನಡೆದಳು.

ಮಧ್ಯಾಹ್ನ ತಾಳಿಕೋಟಿ ಮೇಲಿನಿಂದ ಮುದ್ದೇಬಿಹಾಳಕ್ಕೆ ಹೊರಟೆವು. ತಾಳಿಕೋಟಿಯಲ್ಲಿ ಬಸ್ಸು ನಿಂತಾಗ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದೆ. ಆಗ ಹುಡುಗಿ ಬಾಯಿಬಿಟ್ಟಳು.

"ಮಾಮಾ, ಸಿಗಲಿಲ್ಲಂದ್ರ?"

"ಸಿಗತೈತಿ. ಅಪಶಕುನ ನುಡೀಬ್ಯಾಡ" ಎಂದೆ.

"ಎಲ್ಲಾರೂ ಹಿಂಗ ಅಂತೀರಿ. ಅವ್ವ ಅಂತಾಳ, ಅಪ್ಪ ಅಂತಾನ, ಆ ಊರ ಹೆಣ್ಮಕ್ಕಳೂ ಅಂದ್ರು. ಸಿಗಲಿಲ್ಲಂದ್ರ ಏನ ಮಾಡೂದು ಅಂತ ಒಬ್ರೂ ಅನ್ನೂದಿಲ್ಲ. ನಾ ಒಬ್ಬಾಕೇ ಅದನ್ನ ವಿಚಾರ ಮಾಡಬೇಕು."

ನಾನು ದಿನಕ್ಕೆ ನೂರು ಜನರ ಜೊತೆ ದರದ ಮೇಲೆ ಜಗಳ ಆಡುವವನು. ಬಾಯಲ್ಲಿ ಮಾತಿಗೆ ಬರವಿಲ್ಲ. ಅವತ್ತು ಮಾತಿನ ಬದಲು ಭಜಿಯ ಪೊಟ್ಟಣ ಅವಳ ಕಡೆ ಸರಿಸಿದೆ. ಪಾಪ, ನನ್ನ ಮುಖ ನೋಡಿ ಅವಳೇ ಕನಿಕರಪಟ್ಟು ಎರಡು ತಿಂದಳು. ಹತ್ತೊಂಬತ್ತು ತುಂಬದ ಹುಡುಗಿಯ ಮೇಲೆ ನಾವೆಲ್ಲ ಸೇರಿ ಎಷ್ಟು ಭಾರ ಹೊರಿಸಿದ್ದೇವೆ ಎಂದು ಆಗ ಮೊದಲ ಸಲ ಸಂಕಟವಾಯಿತು.

ಮುದ್ದೇಬಿಹಾಳದಲ್ಲಿ ನನ್ನ ಹೆಂಡತಿಯ ಚಿಕ್ಕಪ್ಪನ ಮನೆಯಲ್ಲಿ ಇಳಿದುಕೊಂಡೆವು. ಮಂಗಳವಾರ ಹೈಸ್ಕೂಲಿನ ಕಾಗದ ಬೇಗ ಸಿಕ್ಕಿತು. ಆದರೆ ಶಿಕ್ಷಣಾಧಿಕಾರಿಗಳಿಗೆ ಮೀಟಿಂಗು. ಕಚೇರಿಯ ಬೇವಿನ ಗಿಡದ ಕೆಳಗೆ ಸಂಜೆಯವರೆಗೆ ಕಾದೆವು. ಸಣ್ಣಗೆ ಮಳೆ ಹನಿದು ನಿಂತಿತು. ಸಹಿ ಆದ ಮೇಲೆ ಶಿಕ್ಕಾ ಒತ್ತುತ್ತಿದ್ದ ಗುಮಾಸ್ತ ಉಳಿದ ಕಾಗದಗಳ ಮೇಲೂ ಕಣ್ಣಾಡಿಸಿ, ರೇಣು ನಾಲ್ಕು ಮತ್ತು ಐದು ಓದಿದ ಊರಿನ ಹೆಸರಿನ ಮೇಲೆ ಬೆರಳಿಟ್ಟ.

"ಈ ಊರು ಹಳ್ಳಿ ಉಳಿದಿಲ್ಲಲ್ರಿ ಸಾವ್ಕಾರ್ರ. ಪಟ್ಟಣ ಪಂಚಾಯತಿ ಆಗೇತಿ. ಈಕಿ ಓದೂ ಮೊದಲ ಆಗಿದ್ರ ಗ್ರಾಮೀಣ ಬರೂದಿಲ್ಲ ನೋಡ್ರಿ" ಎಂದ.

"ಎಲ್ಲಿ ಪಟ್ಟಣ ಬಿಡ್ರಿ! ಅಲ್ಲಿ ಬೀದಿಯೊಳಗ ಎಮ್ಮಿ ಮಲಗಿರತಾವ" ಎಂದು ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ. ಹೊರಗೆ ಬಂದಾಗ ರೇಣುಳ ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತ್ತು. ಹತ್ತು ವರ್ಷದಲ್ಲಿ ಒಂದು ವರ್ಷ ಪಟ್ಟಣದಲ್ಲಿ ಓದಿದ್ದರೂ ಗ್ರಾಮೀಣ ಮೀಸಲಾತಿ ಪೂರ್ತಿ ಹೋಗುತ್ತದೆ. ಅದು ನನಗೂ ಗೊತ್ತಿತ್ತು.

ಬುಧವಾರ ಬೆಳಗಿನ ಮೊದಲ ಬಸ್ಸಿಗೇ ಬಾಗೇವಾಡಿ ಕಡೆ ಹೊರಟೆವು. ಆ ಊರಿನ ಹೆಸರು ನಾನು ಬರೆಯುವುದಿಲ್ಲ. ಅಲ್ಲಿನ ಗುರುಗಳಿಗೆ ನನ್ನಿಂದ ತೊಂದರೆ ಆಗಬಾರದು, ಅವರ ಹೆಸರನ್ನೂ ಬದಲಿಸಿದ್ದೇನೆ. ಬಸ್ಸು ಇಳಿದರೆ ಎದುರಿಗೇ ಸಿಮೆಂಟಿನ ಕಮಾನು. ಪಟ್ಟಣ ಪಂಚಾಯತಿ ನಿಮಗೆ ಸ್ವಾಗತ ಕೋರುತ್ತದೆ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಕಮಾನಿನ ನೆರಳಿನಲ್ಲಿ ಎಮ್ಮೆ ಮಲಗಿತ್ತು, ಆ ಮಾತು ಬೇರೆ. ಚಹಾದಂಗಡಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರನ್ನು ಕೇಳಿದೆ, ಇದು ಆದದ್ದು ಯಾವಾಗ ಎಂದು.

"ಭಾಳ ವರ್ಷ ಆತ್ರಿ. ಊರೆಲ್ಲಾ ಪೇಢಾ ಹಂಚಿದ್ವಿ. ಹಲಗಿ ಬಾರಿಸಿದ್ವಿ" ಎಂದು ಅಭಿಮಾನದಿಂದ ಹೇಳಿದರು. "ಆಗಿನ ನರ್ಸಬಾಯಿ ಶಾಂತಕ್ಕ ಹೊಸದಾಗಿ ಬರೂದಕ್ಕ ಒಂದ ವರ್ಷ ಮುಂಚೆ ನೋಡ್ರಿ."

ಆ ನರ್ಸಬಾಯಿ ನನ್ನ ತಂಗಿಯೇ. ಊರು ಪಟ್ಟಣವಾಯಿತೆಂದು ಅವರು ಕುಣಿದರು, ಎಂಟು ವರ್ಷದ ಹುಡುಗಿಯೊಬ್ಬಳ ಸೀಟಿಗೆ ಅಂದೇ ಕತ್ತರಿ ಬಿತ್ತು. ಅವರದೇನು ತಪ್ಪು? ತಮ್ಮ ಊರು ಪಟ್ಟಣವಾದರೆ ಯಾರಾದರೂ ಕುಣಿಯುವವರೇ. ಆದರೂ ಆ ಕಮಾನನ್ನು ಒದೆಯಬೇಕು ಅನ್ನಿಸಿತು.

ಶಾಲೆಯಲ್ಲಿ ಮುಖ್ಯಗುರುಗಳ ಕುರ್ಚಿಯಲ್ಲಿ ಇದ್ದವರು ಮಹಿಬೂಬ ಸರ್. ರೇಣುಳಿಗೆ ನಾಲ್ಕು ಮತ್ತು ಐದರಲ್ಲಿ ಕಲಿಸಿದವರು, ಬರುವ ವರ್ಷ ನಿವೃತ್ತಿ. ಅವಳನ್ನು ಕಂಡು ಎದ್ದು ನಿಂತೇಬಿಟ್ಟರು. "ನನ್ನ ಲಾಳಿಕಿ ಡಾಕ್ಟರು ಬಂದಳು ನೋಡ್ರಿ!" ಎಂದು ಪಕ್ಕದ ಕೋಣೆಯ ಶಿಕ್ಷಕಿಯರನ್ನು ಕೂಗಿ ಕರೆದರು. ಐದನೆಯ ತರಗತಿಯಲ್ಲಿ ಅವರು ಅಂಗಡಿಯಿಂದ ಎಣ್ಣೆ ಸುರಿಯುವ ಲಾಳಿಕೆಯೊಂದನ್ನು ತಂದು, ಅದಕ್ಕೆ ರಬ್ಬರ್ ನಳಿಗೆ ಸಿಕ್ಕಿಸಿ, ಮಕ್ಕಳಿಗೆ ಒಬ್ಬರೆದೆಯ ಬಡಿತವನ್ನು ಇನ್ನೊಬ್ಬರು ಕೇಳುವಂತೆ ಮಾಡಿದ್ದರಂತೆ. ಉಳಿದ ಮಕ್ಕಳು ಆಡಿ ಬಿಟ್ಟರು. ರೇಣು ಮಾತ್ರ ಅದನ್ನು ಕಸಿದುಕೊಂಡು ಊರಿನ ಮುದುಕರು, ಆಡು, ಕರುಗಳ ಎದೆಗೆಲ್ಲ ಹಿಡಿದು ತಿರುಗಿದಳಂತೆ. ಅದನ್ನು ಹೇಳುತ್ತ ಅವರು ಮನಸಾರೆ ನಕ್ಕರು. ಮೂರು ದಿನದಲ್ಲಿ ಮೊದಲ ಬಾರಿಗೆ ರೇಣುವೂ ನಕ್ಕಳು.

ನಾನು ಪಟ್ಟಣ ಪಂಚಾಯತಿಯ ತೊಡಕನ್ನು ಹೇಳಿದೆ. ಅವರ ನಗು ಆರಿತು. ಕೈಯಲ್ಲಿದ್ದ ಪೆನ್ನನ್ನು ತಿರುವಿದರು. ಆಮೇಲೆ ಎದ್ದು ಬಾಗಿಲು ಮುಂದೆ ಮಾಡಿ ಬಂದರು.

"ಸಾವ್ಕಾರ್ರ, ಬಾಜೂ ಹಳ್ಳಿ ಸಾಲಿ ಚಾರ್ಜೂ ನನ್ನ ಮ್ಯಾಲೇ ಐತಿ. ಅದು ಇನ್ನೂ ಹಳ್ಳೀನ. ಈಕಿ ಎರಡೂ ವರ್ಷ ಅಲ್ಲೇ ಓದ್ಯಾಳ ಅಂತ ಬರದು ಕೊಡ್ತೇನಿ. ಶಾಂತಕ್ಕ ನನ್ನ ಮಗಳ ಬಾಣಂತನದಾಗ ಎರಡ ರಾತ್ರಿ ನಿದ್ದಿಗೆಟ್ಟಾಳ. ತಾಯಿ ಮಗು ಇಬ್ರೂ ಉಳದಾರ. ನನ್ನಿಂದ ಆಗೂದು ಇದೊಂದ."

ನನಗೆ ಹೋದ ಜೀವ ಬಂದಂತಾಯಿತು. ಸುಳ್ಳು ಎಂದು ಗೊತ್ತಿತ್ತು. ಸಿಕ್ಕಿಬಿದ್ದರೆ ಸೀಟಿಗೂ ಅವರ ಪಿಂಚಣಿಗೂ ಕುತ್ತು ಎಂಬುದೂ ಗೊತ್ತಿತ್ತು. ಆದರೂ "ಪುಣ್ಯ ಕಟ್ಕೊರಿ ಸರ್, ಬರೀರಿ" ಎಂದು ಕಾಗದವನ್ನು ಅವರ ಮುಂದೆ ಸರಿಸಿದೆ.

"ಬ್ಯಾಡ್ರಿ ಸರ್" ಎಂದಳು ರೇಣು.

ನಾನು ಅವಳತ್ತ ಕಣ್ಣು ಕೆಕ್ಕರಿಸಿದೆ. ಅವಳು ನನ್ನನ್ನು ನೋಡಲೇ ಇಲ್ಲ.

"ಯಾಕವಾ? ಬರೇ ಕಾಗದದ ಮಾತು ಅದು" ಎಂದರು ಸರ್.

"ಆ ಸಾಲ್ಯಾಗ ನೀವ ಇರ್ಲಿಲ್ಲಲ್ರಿ." ಅವಳು ಕೋಣೆಯ ಸುತ್ತ ನೋಡಿದಳು. "ಡಾಕ್ಟರ್ ಆಗಬೇಕು ಅಂತ ನನಗ ಅನಿಸಿದ್ದ ಈ ಖೋಲ್ಯಾಗ. ನಾ ಇಲ್ಲಿ ಕಲ್ತೇ ಇಲ್ಲ, ನೀವ ನನಗ ಕಲಿಸೇ ಇಲ್ಲ ಅಂತ ನಿಮ್ಮ ಕೈಲೇ ಬರಸ್ಕೊಂಡ ಹೋಗಲೇನ್ರಿ? ನನ್ನಿಂದ ಆಗೂದಿಲ್ರಿ ಸರ್."

ಸರ್ ಚಷ್ಮಾ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆದರು. ಅವರ ಅಕ್ಷರ ಮುತ್ತು ಪೋಣಿಸಿದಂತಿತ್ತು. ಕನ್ನಡ ಮಾಧ್ಯಮ ಎಂಬಲ್ಲಿ ಹೌದು ಎಂದು, ಗ್ರಾಮೀಣ ಎಂಬಲ್ಲಿ ಇಲ್ಲ ಎಂದು ಬರೆದು ಸಹಿ ಮಾಡಿ ಅವಳ ತಲೆಯ ಮೇಲೆ ಕೈಯಿಟ್ಟರು. ನಾನು ಉಳಿದ ನಿಂಬೆಹಣ್ಣನ್ನೆಲ್ಲ ಸಿಟ್ಟಿನಲ್ಲೇ ಅವರ ಮೇಜಿನ ಮೇಲೆ ಸುರಿದು ಹೊರಗೆ ಬಂದೆ.

ಬಾಗೇವಾಡಿಯಲ್ಲಿ ಶಿಕ್ಷಣಾಧಿಕಾರಿಯ ಸಹಿ ಹತ್ತು ನಿಮಿಷದಲ್ಲಿ ಆಯಿತು. ಬೇಕಾದದ್ದು ತಪ್ಪಿದ ಮೇಲೆ ಉಳಿದದ್ದು ಹೀಗೆಯೇ ಸಲೀಸಾಗಿ ಆಗುತ್ತದೆ. ಇಂಡಿಗೆ ಮರಳಲು ವಿಜಯಪುರದ ಬಸ್ಸು ಹತ್ತಿ ಅಕ್ಕಪಕ್ಕ ಕುಳಿತೆವು. ಕನ್ನಡ ಮಾಧ್ಯಮದ ಆ ಬೆರಳೆಣಿಕೆಯ ಸೀಟುಗಳಿಗೆ ರಾಜ್ಯದ ಮಕ್ಕಳೆಲ್ಲ ಮುಗಿಬೀಳುತ್ತಾರೆ. ಕೈಗೆ ಬಂದದ್ದನ್ನು ಕಾಲಿಂದ ಒದ್ದಳಲ್ಲ ಎಂದು ಒಳಗೆ ಕುದಿಯುತ್ತಿದ್ದೆ. ಹುಡುಗಿಯ ಕಣ್ಣುಗಳು ಕೆಂಪಾಗಿದ್ದವು. ಅದನ್ನು ನೋಡಿಯೂ ನೋಡದವನಂತೆ ಕುಳಿತೆ.

ಮನಗೂಳಿ ಹತ್ತಿರ ಬರುವಾಗ ಶಾಂತಾಳ ಫೋನು ಬಂತು.

"ಅಣ್ಣಾ, ಎಲ್ಲಾ ಆತೇನು?"

ಇಡೀ ಬಸ್ಸಿಗೆ ಕೇಳುವಂತೆ ಎಲ್ಲವನ್ನೂ ಒದರಿದೆ. ಊರು ಪಟ್ಟಣವಾದದ್ದು, ಸರ್ ಬರೆದುಕೊಡುತ್ತೇನೆ ಅಂದದ್ದು, ನಿನ್ನ ಮಗಳು ಬೇಡ ಅಂದದ್ದು. ತಂಗಿ ಮೆಲ್ಲಗೆ ಕೇಳಿದಳು.

"ಸರ್ ಆರಾಮ ಅದಾರೇನು?"

"ನಾ ಏನ ಹೇಳಾಕತ್ತೇನಿ, ನೀ ಏನ ಕೇಳಾಕತ್ತಿ!" ಎಂದು ಫೋನನ್ನು ರೇಣುಳ ಮಡಿಲಿಗೆ ಹಾಕಿದೆ.

ಅವಳು ಮೂಗು ಒರೆಸಿಕೊಂಡು ಕಿವಿಗಿಟ್ಟುಕೊಂಡಳು. "ಆರಾಮ ಇಲ್ಲವ್ವಾ. ಎರಡೂ ಪಾದ ಬಾತಾವು. ಚಪ್ಪಲಿ ಪಟ್ಟಿ ಒತ್ತಿ ತಗ್ಗ ಬಿದ್ದಾವು. ಬಾಗಲಾ ಮುಂದ ಮಾಡಿ ಬರೂದ್ರಾಗ ಉಸರ ಹತ್ತಿತ್ತು. ಇವತ್ತ ಫೋನ್ ಮಾಡು, ನಾಳಿ ತಡಾ ಮಾಡಲಾರ್ದ ದವಾಖಾನಿಗೆ ಹೋಗ್ರಿ ಅಂತ ಹೇಳು. ನಾ ಹೇಳೇನಿ, ನಕ್ಕ ಬಿಟ್ಟಾರ. ನೀ ಹೇಳಿದ್ರ ಕೇಳತಾರ."

ಬಸ್ಸು ಮನಗೂಳಿ ದಾಟಿತು. ನಾನು ತಿರುಗಿ ಬಾಗೇವಾಡಿಯ ರಸ್ತೆಯ ಕಡೆ ನೋಡಿದೆ. ಒಂದು ತಾಸು ಅವರ ಎದುರಿಗೇ ಕುಳಿತಿದ್ದೆ. ನಾನು ನೋಡಿದ್ದು ಅವರ ಕೈಯಲ್ಲಿದ್ದ ಪೆನ್ನನ್ನು ಮಾತ್ರ.